ರೈಲು ನಿಲ್ಲಿಸಿದ ವಿಶ್ವೇಶ್ವರಯ್ಯ: ಅದೃಷ್ಟವೋ, ತಯಾರಿಯೋ, ಬರೀ ಫಾರ್ವರ್ಡೋ?

ಗಾಣಗಾಪುರ ರೋಡ್ ಸ್ಟೇಷನ್ನಿನ ಬೆಂಚಿನ ಮೇಲೆ ಕೂತು ಕಲಬುರಗಿ ಕಡೆಯ ರೈಲಿಗೆ ಕಾಯುತ್ತಿದ್ದೆ. ಸಂಗಮದಲ್ಲಿ ಮಿಂದು, ನಿರ್ಗುಣ ಪಾದುಕೆಯ ದರ್ಶನ ಮಾಡಿ, ಟಂಟಂನಲ್ಲಿ ಧೂಳು ತಿಂದು ಬಂದವರೇ ಪ್ಲಾಟ್‌ಫಾರ್ಮ್ ತುಂಬ. ಆಗ ಮನೆಯ ವಾಟ್ಸ್‌ಆ್ಯಪ್ ಗ್ರೂಪಿಗೆ ನಮ್ಮ ಮಾಮಾ ಒಂದು ಫಾರ್ವರ್ಡ್ ಹಾಕಿದರು. ನಿಮಗೂ ಖಂಡಿತ ಬಂದಿರುತ್ತದೆ. ಬ್ರಿಟಿಷರ ಕಾಲ, ರಾತ್ರಿ ರೈಲು, ಸಾದಾ ಬಟ್ಟೆ ತೊಟ್ಟ ಒಬ್ಬ ಮನುಷ್ಯ. ಅವನನ್ನು ನೋಡಿ ಇಂಗ್ಲಿಷರು ನಗುತ್ತಿದ್ದಾರೆ. ಇದ್ದಕ್ಕಿದ್ದಂತೆ ಅವನು ಎದ್ದು ಸರಪಳಿ ಎಳೆಯುತ್ತಾನೆ. ಗಾರ್ಡು ಇಳಿದು ನೋಡಿದರೆ ಸ್ವಲ್ಪ ಮುಂದೆ ಹಳಿ ಮುರಿದಿದೆ. ಸದ್ದು ಬದಲಾದದ್ದನ್ನು ಕೇಳಿಯೇ ಅವನಿಗೆ ಗೊತ್ತಾಗಿತ್ತಂತೆ. ಆ ಮನುಷ್ಯನೇ ಸರ್ ಎಂ. ವಿಶ್ವೇಶ್ವರಯ್ಯ.

ಇದರ ಕೆಳಗೆ ನಮ್ಮ ಅತ್ತೆಯ ಮಗ ಟೈಪ್ ಮಾಡಿದ. ಎಂಜಿನಿಯರಿಂಗ್ ಮುಗಿಸಿ, ನೇಮಕಾತಿ ಪರೀಕ್ಷೆಯಲ್ಲಿ ಎರಡು ಸಲ ಸ್ವಲ್ಪದರಲ್ಲೇ ತಪ್ಪಿಸಿಕೊಂಡವನು. ಎಲ್ಲ ಹಣೆಬರಹ, ಅವರು ಆ ರೈಲಿನಲ್ಲೇ ಕೂತದ್ದು ಅದೃಷ್ಟ ಎಂದ. ಮಾಮಾ ಸುಮ್ಮನಿರಲಿಲ್ಲ. ಕಿವಿಯನ್ನು ಹಾಗೆ ತಯಾರು ಮಾಡಿಕೊಂಡದ್ದು ದುಡಿಮೆ, ಅದೃಷ್ಟವಲ್ಲ ಎಂದರು. ರೈಲು ಬರುವವರೆಗೂ ಇಬ್ಬರದೂ ನಡೆದೇ ಇತ್ತು. ಒಂದೇ ಫಾರ್ವರ್ಡ್ ಇಬ್ಬರಿಗೂ ಸಾಕ್ಷಿ! ಹಾಗಾದರೆ ಆ ಮನುಷ್ಯನ ನಿಜವಾದ ಬದುಕು ಏನು ಹೇಳುತ್ತದೆ ಎಂದು ನೋಡೋಣ ಅನಿಸಿತು.

ಮೊದಲು ರೈಲಿನ ಕಥೆ ಮುಗಿಸಿಬಿಡೋಣ. ಈ ಕಥೆಯಲ್ಲಿ ತಾರೀಖಿಲ್ಲ, ರೈಲಿನ ಹೆಸರಿಲ್ಲ, ಯಾವ ಎರಡು ಸ್ಟೇಷನ್ನುಗಳ ನಡುವೆ ನಡೆಯಿತೆಂಬುದಿಲ್ಲ. ಯಾರೂ ಹೋಗಿ ತಾಳೆ ನೋಡುವಂತಿಲ್ಲ. ವಿಜ್ಞಾನದ ಕಡೆಯಿಂದ ನೋಡಿ. ಹಳೆಯ ಹಳಿಗಳ ತುಂಡುಗಳ ನಡುವೆ ಸಣ್ಣ ಸಂದು ಇರುತ್ತಿತ್ತು, ಬಿಸಿಲಿಗೆ ಕಬ್ಬಿಣ ಹಿಗ್ಗಲು ಜಾಗ ಬೇಕಲ್ಲ. ಚಕ್ರ ಆ ಸಂದಿನ ಮೇಲೆ ಹಾದಾಗ ಟಕ್ ಟಕ್ ಸದ್ದು. ಅಂದರೆ ಬೋಗಿಯಲ್ಲಿ ಕೂತವರಿಗೆ ಮುಖ್ಯವಾಗಿ ಕೇಳುವುದು ತಮ್ಮ ಚಕ್ರ ಈಗ ಹಾಯುತ್ತಿರುವ ಹಳಿಯ ಸದ್ದು. ಉಕ್ಕಿನಲ್ಲಿ ಸದ್ದು ಸೆಕೆಂಡಿಗೆ ಸುಮಾರು 5 ಕಿಲೋಮೀಟರ್ ವೇಗದಲ್ಲಿ ಓಡುತ್ತದೆ, ನಿಜ. ಆದರೆ ಮುಂದೆ ಎಲ್ಲೋ ಇರುವ ಬಿರುಕಿನ ಮೇಲೆ ಇನ್ನೂ ಯಾವ ಚಕ್ರವೂ ಹಾದಿಲ್ಲ. ಅಲ್ಲಿಂದ ಮರಳಿ ಬರುವ ಸೂಕ್ಷ್ಮ ಕಂಪನವನ್ನು ಎಂಜಿನ್ನಿನ ಆರ್ಭಟ, ಗಾಳಿ, ಚಕ್ರಗಳ ಗದ್ದಲದ ನಡುವೆ ಮನುಷ್ಯನ ಕಿವಿ ಹಿಡಿಯುತ್ತದೆ ಎಂಬುದನ್ನು ನಂಬುವುದು ಕಷ್ಟ. ಬಿರುಕು ಕಂಡುಹಿಡಿಯಲು ಇಂದಿಗೂ ರೈಲ್ವೆಯಲ್ಲಿ ಬೇರೆಯೇ ದಾರಿಗಳಿವೆ. ಒಂದು, ಕಿವಿಗೆ ಕೇಳದ ಅಲ್ಟ್ರಾಸಾನಿಕ್ ಧ್ವನಿಯನ್ನು ಹಳಿಯೊಳಗೆ ಬಿಟ್ಟು ಪರೀಕ್ಷಿಸುವುದು. ಇನ್ನೊಂದು, ದಿನವೂ ಹಳಿಯ ಗುಂಟ ನಡೆಯುವ ಕೀಮ್ಯಾನ್. ನಾನು ಕಾಯುತ್ತಿದ್ದ ಸ್ಟೇಷನ್ನಿನಲ್ಲೂ ಒಬ್ಬರು ಸುತ್ತಿಗೆ, ಪಾನಾ ಹೊತ್ತು ನಡೆದು ಹೋದರು. ಅವರ ಬಗ್ಗೆ ಯಾರೂ ಫಾರ್ವರ್ಡ್ ಮಾಡುವುದಿಲ್ಲ.

ಈಗ ಮನುಷ್ಯನ ಕಡೆ ಬರೋಣ.

ಮೋಕ್ಷಗುಂಡಂ ವಿಶ್ವೇಶ್ವರಯ್ಯ ಹುಟ್ಟಿದ್ದು 1860ರ ದಶಕದ ಮೊದಲಲ್ಲಿ, ಚಿಕ್ಕಬಳ್ಳಾಪುರ ಹತ್ತಿರದ ಮುದ್ದೇನಹಳ್ಳಿಯಲ್ಲಿ. ಹುಟ್ಟಿದ ದಿನ ಸೆಪ್ಟೆಂಬರ್ 15 ಈಗ ದೇಶಕ್ಕೆಲ್ಲ ಎಂಜಿನಿಯರುಗಳ ದಿನ. ತಂದೆ ಶ್ರೀನಿವಾಸ ಶಾಸ್ತ್ರಿಗಳು ಸಂಸ್ಕೃತ ಪಂಡಿತರು, ತಾಯಿ ವೆಂಕಟಲಕ್ಷ್ಮಮ್ಮ. ಹುಡುಗನಾಗಿದ್ದಾಗಲೇ ತಂದೆ ತೀರಿಕೊಂಡರು. ಇಲ್ಲಿಗೇ ಕಥೆ ಮುಗಿಯಬಹುದಿತ್ತು. ಮುಗಿಯಲಿಲ್ಲ, ಏಕೆಂದರೆ ಬೆಂಗಳೂರಿನಲ್ಲಿ ಒಬ್ಬ ಸೋದರಮಾವನಿದ್ದರು. ಅವರ ಆಸರೆಯಲ್ಲಿ ಓದು ಮುಂದುವರಿಯಿತು. ಖರ್ಚಿಗೆ ಮಕ್ಕಳಿಗೆ ಮನೆಪಾಠ ಹೇಳಿದರು. ಸೆಂಟ್ರಲ್ ಕಾಲೇಜಿನಲ್ಲಿ 1881ರಲ್ಲಿ ಬಿ.ಎ. ಮುಗಿಯಿತು. ಮೈಸೂರು ಸರ್ಕಾರದ ವಿದ್ಯಾರ್ಥಿವೇತನ ಸಿಕ್ಕಿತು, ಪುಣೆಯ ಕಾಲೇಜ್ ಆಫ್ ಸೈನ್ಸ್‌ಗೆ ಹೋದರು. 1883ರಲ್ಲಿ ಎಂಜಿನಿಯರಿಂಗ್ ಪರೀಕ್ಷೆಯಲ್ಲಿ ಮೊದಲ ಸ್ಥಾನ. ಮರುವರ್ಷ ಮುಂಬೈ ಪ್ರಾಂತ್ಯದ ಲೋಕೋಪಯೋಗಿ ಇಲಾಖೆಯಲ್ಲಿ ಸಹಾಯಕ ಎಂಜಿನಿಯರ್.

ಈ ಒಂದು ಪ್ಯಾರಾದಲ್ಲಿ ಅದೃಷ್ಟ ಎಷ್ಟು, ದುಡಿಮೆ ಎಷ್ಟು? ಮೊದಲ ಸ್ಥಾನವನ್ನು ಯಾರೂ ದಾನ ಕೊಡಲಿಲ್ಲ. ಆದರೆ ಓದಿಸುವ ಮಾವ, ಅಕ್ಷರ ಇದ್ದ ಮನೆ, ಬಡ ವಿದ್ಯಾರ್ಥಿಯನ್ನು ಹೊರ ಪ್ರಾಂತ್ಯಕ್ಕೆ ಕಳಿಸುವಷ್ಟು ದೂರದೃಷ್ಟಿ ಇದ್ದ ಸಂಸ್ಥಾನ, ಇವನ್ನು ಅವರು ಗಳಿಸಿದ್ದಲ್ಲ. ಆ ಕಾಲಕ್ಕೆ ಮೈಸೂರು ಸೀಮೆಯಲ್ಲಿ ಓದು ಬರಹ ಬಲ್ಲವರು ನೂರಕ್ಕೆ ಹತ್ತು ಜನರೂ ಇರಲಿಲ್ಲ. ಅದೇ ಬುದ್ಧಿಯ ಹುಡುಗ ಪಕ್ಕದ ಕೇರಿಯಲ್ಲಿ ಹುಟ್ಟಿದ್ದರೆ ಶಾಲೆಯ ಬಾಗಿಲೇ ಕಾಣುತ್ತಿರಲಿಲ್ಲ. ಹುಡುಗಿಯಾಗಿದ್ದರಂತೂ ಕೇಳುವುದೇ ಬೇಡ.

ಫಾರ್ವರ್ಡುಗಳು ಇದನ್ನು ಮರೆಸುತ್ತವೆ. ಗೆದ್ದವರ ಕಥೆ ಮಾತ್ರ ಉಳಿದು, ಅಷ್ಟೇ ಕಷ್ಟಪಟ್ಟು ಗೆಲ್ಲದವರ ಕಥೆ ಅಳಿದುಹೋದಾಗ ನಾವು ಲೆಕ್ಕ ತಪ್ಪುತ್ತೇವೆ. ಸಂಶೋಧಕರು ಇದನ್ನು ಸರ್ವೈವರ್‌ಶಿಪ್ ಬಯಾಸ್ ಎನ್ನುತ್ತಾರೆ. 2018ರಲ್ಲಿ ಇಟಲಿಯ ಕಟಾನಿಯಾದ ಸಂಶೋಧಕರು ಕಂಪ್ಯೂಟರಿನೊಳಗೆ ಸಾವಿರ ಜನರ ಒಂದು ಲೋಕ ಕಟ್ಟಿದರು. ಪ್ರತಿಯೊಬ್ಬರಿಗೂ ಇಷ್ಟಿಷ್ಟು ಪ್ರತಿಭೆ ಕೊಟ್ಟು, ನಲವತ್ತು ವರ್ಷ ಒಳ್ಳೆಯ ಕೆಟ್ಟ ಘಟನೆಗಳನ್ನು ಯದ್ವಾತದ್ವಾ ಎಸೆದರು. ಕೊನೆಗೆ ಅತಿ ಶ್ರೀಮಂತರಾದವರು ಅತಿ ಪ್ರತಿಭಾವಂತರಾಗಿರಲಿಲ್ಲ. ಪ್ರತಿಭೆ ಸಾಧಾರಣ, ಒಳ್ಳೆಯ ಘಟನೆಗಳು ಹೆಚ್ಚು ಬಿದ್ದವರು. ಅದು ಕಂಪ್ಯೂಟರ್ ಮಾದರಿ, ನಿಜ ಮನುಷ್ಯರ ಮೇಲಿನ ಪ್ರಯೋಗವಲ್ಲ ಎಂಬುದು ನೆನಪಿರಲಿ. ಇನ್ನೊಂದು ವಿಷಯವೂ ಅದರಲ್ಲಿತ್ತು: ಒಳ್ಳೆಯ ಅವಕಾಶ ಎದುರಾದಾಗ ಅದನ್ನು ಹಿಡಿಯುವ ಸಾಧ್ಯತೆ ಪ್ರತಿಭೆ ಇದ್ದವರಿಗೆ ಹೆಚ್ಚು ಎಂದೇ ಲೆಕ್ಕ ಹಾಕಿದ್ದರು. ನಮ್ಮ ಅತ್ತೆಯ ಮಗನಿಗೂ ಮಾಮಾನಿಗೂ ಅರ್ಧರ್ಧ ಸಮಾಧಾನ.

ವಿಶ್ವೇಶ್ವರಯ್ಯನವರ ಕಸುಬು ಈ ಪ್ರಶ್ನೆಗೆ ಬಹಳ ಹತ್ತಿರದ್ದು. ಮಳೆ ಯಾವಾಗ ಎಷ್ಟು ಬೀಳುತ್ತದೆಂದು ಎಂಜಿನಿಯರ್ ನಿರ್ಧರಿಸಲಾರ. ಬಿದ್ದಾಗ ಏನಾಗಬೇಕೆಂದು ಮೊದಲೇ ನಿರ್ಧರಿಸಿಡಬಲ್ಲ. ಖಾನದೇಶದಲ್ಲಿ ಶುರುವಾದ ನೌಕರಿ ಅವರನ್ನು ಸಿಂಧ್‌ವರೆಗೆ ಒಯ್ಯಿತು. ಅಲ್ಲಿನ ಸಕ್ಕರ್ ಊರಿಗೆ ಸಿಂಧೂ ನದಿಯ ಕೆಸರು ನೀರನ್ನು ಶುದ್ಧ ಮಾಡಿ ಕೊಡಬೇಕಿತ್ತು, ಹಣ ಕಡಿಮೆ. ನದಿಯ ಮರಳನ್ನೇ ಸೋಸುವ ಬಟ್ಟೆಯಂತೆ ಬಳಸಿ, ಬಾವಿಯಲ್ಲಿ ತಿಳಿನೀರು ಬಸಿದು ಬರುವಂತೆ ಮಾಡಿದರು. ನಮ್ಮ ಕಡೆ ಬೇಸಿಗೆಯಲ್ಲಿ ಹಳ್ಳದ ಮರಳಲ್ಲಿ ವರ್ತಿ ತೋಡಿ ನೀರು ತುಂಬಿಕೊಂಡವರಿಗೆ ಇದು ಕೂಡಲೇ ಅರ್ಥವಾಗುತ್ತದೆ.

ನಂತರ ಖಡಕ್‌ವಾಸ್ಲಾ. ಇದು ನಮ್ಮೂರಿಗೂ ಸಂಬಂಧಪಟ್ಟದ್ದು, ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಪುಣೆಯ ಹತ್ತಿರ ಮುಠಾ ನದಿಗೆ ಕಟ್ಟಿದ ಅಣೆಕಟ್ಟು ಅದು. ಮುಠಾ ನದಿ ಮುಳಾ ಸೇರಿ, ಮುಳಾ-ಮುಠಾ ಭೀಮೆಯನ್ನು ಸೇರಿ, ಉಜನಿ, ಪಂಢರಪುರ ದಾಟಿ, ಅಫಜಲಪುರ ತಾಲೂಕಿಗೆ ಬರುತ್ತದೆ. ಆಳಂದದ ಕಡೆಯಿಂದ ಬರುವ ಅಮರ್ಜೆಯನ್ನು ಅದು ಕೂಡುವ ಜಾಗವೇ ಗಾಣಗಾಪುರದ ಸಂಗಮ. ನೀವು ಅಲ್ಲಿ ಮುಳುಗು ಹಾಕಿದ್ದರೆ, ಖಡಕ್‌ವಾಸ್ಲಾ ದಾಟಿ ಬಂದ ನೀರೂ ಅದರಲ್ಲಿ ಸ್ವಲ್ಪ ಇದ್ದೀತು.

ಆ ಅಣೆಕಟ್ಟಿನ ತೊಂದರೆ ಇಷ್ಟೇ. ಮಳೆಗಾಲದಲ್ಲಿ ನೀರು ಕೋಡಿ ಬಿದ್ದು ಹರಿದುಹೋಗುತ್ತಿತ್ತು, ಬೇಸಿಗೆಯಲ್ಲಿ ಸಾಲುತ್ತಿರಲಿಲ್ಲ. ಕೋಡಿಯ ಮೇಲೆ ಬಾಗಿಲು ಕೂರಿಸಿದರೆ ಇನ್ನೂ ಕೆಲವು ಅಡಿ ನೀರು ನಿಲ್ಲಿಸಬಹುದು. ಆದರೆ ಅಪಾಯವಿದೆ. ಮಧ್ಯರಾತ್ರಿ ಏಕಾಏಕಿ ಪ್ರವಾಹ ಬಂದು, ಬಾಗಿಲು ಎತ್ತಬೇಕಾದವನು ನಿದ್ದೆಯಲ್ಲಿದ್ದರೆ? ನೀರು ಅಣೆಕಟ್ಟಿನ ನೆತ್ತಿಯ ಮೇಲೆ ಹರಿದು ಒಡ್ಡೇ ಹೋದೀತು. ಪುಣೆಯ ಜನರ ಬದುಕು ಒಬ್ಬ ಕಾವಲುಗಾರನ ಎಚ್ಚರದ ಮೇಲೆ ನಿಲ್ಲಬಾರದು. ಅದಕ್ಕೆ ವಿಶ್ವೇಶ್ವರಯ್ಯ ತಾನಾಗಿ ತೆರೆಯುವ ಬಾಗಿಲು ರೂಪಿಸಿದರು. ನೀರು ಗೊತ್ತುಮಾಡಿದ ಮಟ್ಟ ಮುಟ್ಟುವವರೆಗೆ ಬಾಗಿಲು ಮುಚ್ಚಿರುತ್ತದೆ. ಅದನ್ನು ದಾಟಿದರೆ ಏರಿದ ನೀರಿನ ಬಲ ಮತ್ತು ಎದುರು ತೂಕಗಳ ಜೋಡಣೆಯಿಂದ ಬಾಗಿಲು ಏಳುತ್ತದೆ. ನೀರು ಇಳಿದರೆ ತಾನೇ ಮುಚ್ಚಿಕೊಳ್ಳುತ್ತದೆ. 1903ರಲ್ಲಿ ಇವನ್ನು ಕೂರಿಸಿದರು. ಅವರ ಹೆಸರಿನಲ್ಲಿ ಪೇಟೆಂಟ್ ಕೂಡ ಆಯಿತು. ಆಮೇಲೆ ಗ್ವಾಲಿಯರಿನ ತಿಗ್ರಾ ಅಣೆಕಟ್ಟಿಗೆ, ನಮ್ಮ ಕನ್ನಂಬಾಡಿಗೂ ಇದೇ ಬಗೆ ಬಂತು. ರೈಲಿನ ಕಥೆಗಿಂತ ನನಗೆ ಇದು ಹೆಚ್ಚು ಇಷ್ಟ. ಒಬ್ಬನ ಕಿವಿ ಚುರುಕಾಗಿದೆಯೋ ಇಲ್ಲವೋ ಎಂಬುದನ್ನು ಅವಲಂಬಿಸದ ವ್ಯವಸ್ಥೆ ಇದು.

1908ರಲ್ಲಿ ಅವರು ಮುಂಬೈ ಸರ್ಕಾರದ ನೌಕರಿ ಬಿಟ್ಟರು. ಭಾರತೀಯನಿಗೆ ಅಲ್ಲಿ ತುತ್ತತುದಿಯ ಹುದ್ದೆ ಸಿಗುವ ಕಾಲ ಅದಲ್ಲ. ಯುರೋಪ್ ಪ್ರವಾಸ ಹೊರಟರು. ಅದೇ ವರ್ಷ ಸೆಪ್ಟೆಂಬರ್ 28ರಂದು ಹೈದರಾಬಾದಿನಲ್ಲಿ ಮೂಸಿ ನದಿ ಉಕ್ಕಿತು. ಸತ್ತವರು ಸುಮಾರು 15,000 ಎನ್ನುತ್ತಾರೆ. ನಮ್ಮ ಗುಲಬರ್ಗಾ ಜಿಲ್ಲೆಯೂ ಆಗ ನಿಜಾಮರ ರಾಜ್ಯದಲ್ಲೇ ಇತ್ತು, ಅದು ನಮ್ಮ ರಾಜಧಾನಿಯ ದುರಂತ. ನಿಜಾಮ್ ಸರ್ಕಾರ ವಿಶ್ವೇಶ್ವರಯ್ಯನವರಿಗೆ ಕರೆ ಕಳಿಸಿತು.

ಅದೃಷ್ಟವಾದಿ ಇಲ್ಲಿ ಕೈ ಎತ್ತಬಹುದು. ಪ್ರವಾಹ ಆಗದಿದ್ದರೆ, ಆ ಹೊತ್ತಿಗೆ ಅವರು ಕೆಲಸ ಬಿಟ್ಟು ಬಿಡುವಾಗಿರದಿದ್ದರೆ ಈ ಕರೆ ಬರುತ್ತಿತ್ತೇ? ಸರಿಯಾದ ಮಾತೇ. ಆದರೆ ಬಿಡುವಾಗಿದ್ದ ಎಂಜಿನಿಯರುಗಳು ಬೇರೆಯವರೂ ಇದ್ದಿರಬೇಕು. ಕರೆ ಹೋದದ್ದು ಇಪ್ಪತ್ತನಾಲ್ಕು ವರ್ಷ ನೀರಿನ ಜೊತೆ ಏಗಿದವರಿಗೆ.

1909ರಲ್ಲಿ ಹೈದರಾಬಾದಿಗೆ ಬಂದವರು ಮೊದಲು ಮಾಡಿದ್ದು ಲೆಕ್ಕ. ಮಳೆಯ ದಾಖಲೆ ಸೇರಿಸಿದರು, ನೀರು ಎಲ್ಲೆಲ್ಲಿವರೆಗೆ ಏರಿತ್ತೆಂದು ಗುರುತು ಹಿಡಿದರು. ನದಿಗೆ ನೀರು ಬಸಿದು ಬರುವ ಪ್ರದೇಶದಲ್ಲಿ ನೂರಾರು ಕೆರೆಗಳಿದ್ದವು, ಆ ಮಳೆಗೆ ಇನ್ನೂರಕ್ಕೂ ಹೆಚ್ಚು ಒಡೆದಿದ್ದವು. ಒಂದು ಕೆರೆ ಒಡೆದ ನೀರು ಕೆಳಗಿನದನ್ನು ಒಡೆದು, ಅದು ಮತ್ತೊಂದನ್ನು. ಅಂದರೆ ದುರಂತ ಬರೀ ಆಕಾಶದಿಂದ ಬಿದ್ದದ್ದಲ್ಲ. ಅವರ ಸಲಹೆ: ಊರಿನ ಮೇಲ್ಭಾಗದಲ್ಲಿ ಮೂಸಿಗೊಂದು, ಉಪನದಿ ಈಸಿಗೊಂದು ದೊಡ್ಡ ಜಲಾಶಯ ಕಟ್ಟಿ ಪ್ರವಾಹವನ್ನು ಅಲ್ಲೇ ತಡೆಯಿರಿ, ನಿಧಾನ ಬಿಡಿ. ಮುಂದೆ ಬೇರೆ ಎಂಜಿನಿಯರುಗಳ ಕೈಯಲ್ಲಿ ಅವು ಉಸ್ಮಾನ್ ಸಾಗರ, ಹಿಮಾಯತ್ ಸಾಗರವಾದವು. 1920ರ ದಶಕದಿಂದ ಹೈದರಾಬಾದಿಗೆ ಕುಡಿಯುವ ನೀರೂ ಅವುಗಳಿಂದಲೇ ಬಂತು.

ಇಲ್ಲೊಂದು ಲೆಕ್ಕ ಗೊತ್ತಿರಲಿ, ಭೀಮೆಯ ದಂಡೆಯವರಿಗೆ ಬೇಕಾಗುತ್ತದೆ. ನೂರು ವರ್ಷಕ್ಕೊಮ್ಮೆ ಬರುವ ಪ್ರವಾಹ ಎಂದು ಸುದ್ದಿಯಲ್ಲಿ ಕೇಳುತ್ತೀರಿ. ಈಗ ಬಂತಲ್ಲ, ಇನ್ನು ನೂರು ವರ್ಷ ಚಿಂತೆಯಿಲ್ಲ ಎಂದು ಅದರರ್ಥವಲ್ಲ. ಪ್ರತಿ ವರ್ಷವೂ ಅಂಥದ್ದು ಬರುವ ಸಾಧ್ಯತೆ ನೂರಕ್ಕೆ ಒಂದು ಎಂದರ್ಥ. ನದಿ ಪಕ್ಕ ಮನೆ ಕಟ್ಟಿ 30 ವರ್ಷ ಇದ್ದರೆ, ಒಮ್ಮೆಯಾದರೂ ಅದನ್ನು ಕಾಣುವ ಸಾಧ್ಯತೆ ನೂರಕ್ಕೆ ಸುಮಾರು 26. ನಾಲ್ಕರಲ್ಲಿ ಒಂದು! 2020ರ ಅಕ್ಟೋಬರಿನಲ್ಲಿ ಭೀಮೆ ಉಕ್ಕಿ ಅಫಜಲಪುರ, ಜೇವರ್ಗಿ ಕಡೆಯ ಊರುಗಳಿಗೆ ನುಗ್ಗಿದಾಗ ಎಷ್ಟೋ ಜನ ಅದನ್ನು ಹಣೆಬರಹ ಎಂದರು. ನೀರು ಬಂದದ್ದು ಹಣೆಬರಹವೇ ಇರಲಿ, ಮನೆಯಲ್ಲಿನ ಕಾಗದಪತ್ರ ಅಟ್ಟದ ಮೇಲಿತ್ತೋ ನೆಲದ ಮೇಲಿತ್ತೋ ಎಂಬುದು ಬೇರೆ ವಿಷಯ.

1909ರ ಕೊನೆಗೆ ಮೈಸೂರಿನ ಮುಖ್ಯ ಎಂಜಿನಿಯರ್, 1912ರಿಂದ 1918ರವರೆಗೆ ದಿವಾನರು. ಮೈಸೂರು ಬ್ಯಾಂಕು, ವಿಶ್ವವಿದ್ಯಾಲಯ, ಪರಿಷತ್ತು, ಗಂಧದೆಣ್ಣೆ ಕಾರ್ಖಾನೆ ಎಲ್ಲ ನಿಮಗೆ ಗೊತ್ತಿರುವುದೇ. ಕನ್ನಂಬಾಡಿಯದು ಒಂದೇ ಸಂಗತಿ ಹೇಳುತ್ತೇನೆ. ಕೋಲಾರದ ಚಿನ್ನದ ಗಣಿಗೆ ಶಿವನಸಮುದ್ರದಿಂದ 1902ರಲ್ಲೇ ಕರೆಂಟು ಹೋಗುತ್ತಿತ್ತು, ಗಣಿಯವರಿಗೆ ಇನ್ನೂ ಬೇಕಿತ್ತು. ಆ ಬೇಡಿಕೆಯೇ ಅಣೆಕಟ್ಟಿಗೆ ಹಣದ ಸಮರ್ಥನೆ ಒದಗಿಸಿತು. ಭೂಮಿಯೊಳಗೆ ಚಿನ್ನ ಇದ್ದದ್ದು ಯಾರ ದುಡಿಮೆಯೂ ಅಲ್ಲ. 1911ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಒಪ್ಪಿಗೆ ಬಂತು. ಆದರೆ ಮದ್ರಾಸ್ ಸರ್ಕಾರ ಪೂರ್ತಿ ಎತ್ತರಕ್ಕೆ ಒಪ್ಪಲಿಲ್ಲ. ವಿಶ್ವೇಶ್ವರಯ್ಯ ತಳಪಾಯವನ್ನು ಮಾತ್ರ ಪೂರ್ತಿ ಎತ್ತರಕ್ಕೆ ತಕ್ಕಂತೆ ಅಗಲವಾಗಿಯೇ ಹಾಕಿಸಿದರು. ವ್ಯಾಜ್ಯ ಹಗ್ಗಜಗ್ಗಾಟವಾಗಿ 1924ರ ಒಪ್ಪಂದದವರೆಗೆ ಎಳೆಯಿತು. ಒಪ್ಪಿಗೆ ಬಂದಾಗ ಬುಡ ಸಿದ್ಧವಾಗಿತ್ತು. ಒಪ್ಪಿಗೆ ಬಾರದೇ ಹೋಗಿದ್ದರೆ ಇದೇ ತಳಪಾಯವನ್ನು ದುಂದುವೆಚ್ಚ ಎಂದು ಬೈಯುತ್ತಿದ್ದೆವು ಎಂಬುದನ್ನೂ ಮರೆಯಬಾರದು. ನೀರಿನಡಿ ಮುಳುಗಿದ ಊರುಗಳ ಜನರಿಗೆ ಈ ಅಣೆಕಟ್ಟು ಅದೃಷ್ಟವಾಗಿ ಕಂಡಿರಲಿಕ್ಕಿಲ್ಲ.

ಈಗ ಫಾರ್ವರ್ಡುಗಳು ಮುಟ್ಟದ ಜಾಗ. ಭದ್ರಾವತಿಯ ಕಬ್ಬಿಣದ ಕಾರ್ಖಾನೆಯ ಯೋಜನೆ ತಯಾರಾದದ್ದು ಮೊದಲ ಮಹಾಯುದ್ಧದ ಕಾಲದಲ್ಲಿ, ಆಗ ಕಬ್ಬಿಣಕ್ಕೆ ಬಂಗಾರದ ಬೆಲೆ. 1923ರಲ್ಲಿ ಕುಲುಮೆ ಹೊತ್ತಿದಾಗ ಯುದ್ಧ ಮುಗಿದು ಬೆಲೆ ಕುಸಿದಿತ್ತು. ಅದೇ ಮನುಷ್ಯ, ಅದೇ ತಯಾರಿ, ಪೇಟೆ ಮಾತ್ರ ಬೇರೆ. ನಷ್ಟದಲ್ಲಿದ್ದ ಕಾರ್ಖಾನೆಯ ಮೇಲ್ವಿಚಾರಣೆಯನ್ನು ಅವರೇ ಹೊತ್ತು 1929ರವರೆಗೆ ಅದನ್ನು ಎತ್ತಿ ನಿಲ್ಲಿಸಲು ಹೆಣಗಿದರು. 1930ರ ದಶಕದಲ್ಲಿ ಮೋಟಾರು ಕಾರಿನ ಕಾರ್ಖಾನೆ ತರಲು ವಿದೇಶ ಸುತ್ತಿ, ಯೋಜನೆ ಬರೆದರು. ಬ್ರಿಟಿಷ್ ಸರ್ಕಾರದ ಬೆಂಬಲ ಸಿಗಲಿಲ್ಲ, ಅದು ಬೆಂಗಳೂರಿಗೆ ಬರಲೇ ಇಲ್ಲ. ದುಡಿದರೆ ಗೆಲುವು ಖಚಿತ ಎನ್ನುವವರು ಈ ಎರಡನ್ನೂ ಓದಬೇಕು.

ಇನ್ನೊಂದು ಇದೆ, ಇದನ್ನು ಬರೆಯಲು ಸ್ವಲ್ಪ ಹಿಂಜರಿದೆ. 1918ರಲ್ಲಿ ಮಹಾರಾಜರು ನ್ಯಾಯಮೂರ್ತಿ ಲೆಸ್ಲಿ ಮಿಲ್ಲರ್ ಅವರ ಸಮಿತಿ ನೇಮಿಸಿದರು. ಸರ್ಕಾರಿ ನೌಕರಿಗಳಲ್ಲಿ ಬ್ರಾಹ್ಮಣರೇ ತುಂಬಿದ್ದಾರೆ, ಉಳಿದ ಸಮುದಾಯಗಳಿಗೆ ಪಾಲು ಹೇಗೆ ಕೊಡುವುದು ಎಂಬುದು ಅದರ ಪ್ರಶ್ನೆ. ವಿಶ್ವೇಶ್ವರಯ್ಯ ಇದನ್ನು ಒಪ್ಪಲಿಲ್ಲ. ಶಿಕ್ಷಣ ಎಲ್ಲರಿಗೂ ಹರಡಲಿ, ನೌಕರಿ ಮಾತ್ರ ಯೋಗ್ಯತೆಯಿಂದಲೇ ಸಿಗಲಿ ಎಂಬುದು ಅವರ ನಿಲುವು. ಅದೇ ವರ್ಷದ ಕೊನೆಗೆ ದಿವಾನಗಿರಿ ಬಿಟ್ಟರು. ಅವರು ಶಿಕ್ಷಣದ ಮಾತನ್ನು ಬಾಯಿಮಾತಿಗೆ ಆಡಿದವರಲ್ಲ, ಕಡ್ಡಾಯ ಪ್ರಾಥಮಿಕ ಶಿಕ್ಷಣದ ಕಾಯಿದೆ 1913ರಲ್ಲಿ ಅವರ ಕಾಲದಲ್ಲೇ ಬಂತು. ಆದರೂ ಇಲ್ಲಿ ನಾನು ಅವರ ಜೊತೆಗಿಲ್ಲ. ತಾನು ದುಡಿದದ್ದು ಮನುಷ್ಯನಿಗೆ ಚೆನ್ನಾಗಿ ನೆನಪಿರುತ್ತದೆ, ಓಟ ಶುರುವಾದಾಗ ತಾನೆಲ್ಲಿ ನಿಂತಿದ್ದೆ ಎಂಬುದು ಅಷ್ಟು ನೆನಪಿರುವುದಿಲ್ಲ. ಮಾವನಿಲ್ಲದ, ವಿದ್ಯಾರ್ಥಿವೇತನ ಸಿಗದ ಹುಡುಗನಿಗೂ ಮುಠಾ ನದಿಗೆ ಬಾಗಿಲು ಕೂರಿಸುವ ಬುದ್ಧಿ ಇದ್ದಿರಬಹುದು.

1955ರಲ್ಲಿ ಭಾರತ ರತ್ನ ಬಂತು. ಅದಕ್ಕೂ ಮೊದಲು, ತೊಂಬತ್ತು ದಾಟಿದ ವಯಸ್ಸಿನಲ್ಲಿ, ಬಿಹಾರದ ಮೊಕಾಮಾದಲ್ಲಿ ಗಂಗೆಗೆ ಸೇತುವೆ ಎಲ್ಲಿ ಕಟ್ಟಬೇಕೆಂದು ಸಲಹೆ ಕೊಡಲು ಸ್ವತಃ ಹೋಗಿದ್ದರು. ಅಷ್ಟು ಆಯುಸ್ಸು, ಅಷ್ಟು ಆರೋಗ್ಯ ಅದೃಷ್ಟವೇ ಸರಿ. ಶಿಸ್ತಿನ ಬದುಕು ನೆರವಾಗುತ್ತದೆ, ಆದರೆ ಶಿಸ್ತಾಗಿದ್ದೂ ನಲವತ್ತಕ್ಕೇ ಹೋದವರು ನಮ್ಮ ನಿಮ್ಮ ಮನೆಗಳಲ್ಲೇ ಇದ್ದಾರೆ.

1961ರ ಜುಲೈ 12ರಂದು, ಅವರಿನ್ನೂ ಬದುಕಿದ್ದಾಗಲೇ, ಪುಣೆಯ ಮೇಲ್ಭಾಗದಲ್ಲಿ ಹೊಸದಾಗಿ ಕಟ್ಟುತ್ತಿದ್ದ ಪಾನ್‌ಶೆತ್ ಅಣೆಕಟ್ಟು ಒಡೆಯಿತು. ಅದರ ನೀರು ಒಮ್ಮೆಗೇ ಖಡಕ್‌ವಾಸ್ಲಾಕ್ಕೆ ನುಗ್ಗಿತು. ಅಷ್ಟು ನೀರನ್ನು ತಡೆಯುವ ಲೆಕ್ಕ ಯಾವ ಬಾಗಿಲಿಗೂ ಇರಲಿಲ್ಲ. ಖಡಕ್‌ವಾಸ್ಲಾ ಕೂಡ ಒಡೆದು ಪುಣೆಯ ಹಳೇ ಪೇಟೆಗಳು ಮುಳುಗಿದವು. ವಿಶ್ವೇಶ್ವರಯ್ಯ ತೀರಿಕೊಂಡದ್ದು ಮರುವರ್ಷದ ಏಪ್ರಿಲ್‌ನಲ್ಲಿ. ಅಣೆಕಟ್ಟನ್ನು ಮತ್ತೆ ಕಟ್ಟಿದರು, ಪುಣೆಗೆ ಇವತ್ತೂ ನೀರು ಅಲ್ಲಿಂದ ಬರುತ್ತದೆ.

ಇದಿಷ್ಟನ್ನೂ ಬರೆದು ಗ್ರೂಪಿಗೆ ಹಾಕಿದೆ. ಮಾಮಾ ಒಂದು ಕೈ ಮುಗಿಯುವ ಚಿತ್ರ ಕಳಿಸಿದರು, ಓದಿದರೋ ಇಲ್ಲವೋ. ಅತ್ತೆಯ ಮಗ ಅದೃಷ್ಟದ ಮಾತೆತ್ತಲಿಲ್ಲ, ದುಡಿಮೆಯ ಮಾತನ್ನೂ. ಎದುರು ತೂಕದಿಂದ ಬಾಗಿಲು ಏಳುವುದರ ಚಿತ್ರ ಇದ್ದರೆ ಕಳಿಸು ಎಂದ. ಮುಂದಿನ ಪರೀಕ್ಷೆಗೆ ಅವನು ಮತ್ತೆ ಅರ್ಜಿ ಹಾಕಿದ್ದಾನೆ.